ನೇಲ್ ಪಾಲಿಶ್ ಮೇಲಿನ ಆಸೆ ಏಕೆ ಹಳತಾಗುವುದಿಲ್ಲ?

ಚಿಂತಾಮಣಿ ಬಳೆ ಅಂಗಡಿ

ಅತ್ತೆಯವರು ಆರಂಭಿಸಿದ ಬಳೆ ಅಂಗಡಿಯನ್ನು ಚಿಂತಾಮಣಿಯಲ್ಲಿ ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಅಲಂಕಾರದ ಸಾಮಾನುಗಳಲ್ಲಿ ಎಷ್ಟೋ ಬಂದವು, ಹೋದವು. ಹಾಳೆಗಟ್ಟಲೆ ಖರ್ಚಾಗುತ್ತಿದ್ದ ಸ್ಟಿಕ್ಕರ್ ಬಿಂದಿಯನ್ನು ಕೇಳುವವರು ಕಡಿಮೆಯಾಗಿದ್ದಾರೆ. ರಿಬ್ಬನ್ ಶಾಲೆಯ ಹುಡುಗಿಯರಿಗಷ್ಟೇ ಉಳಿದಿದೆ. ನೇಲ್ ಪಾಲಿಶ್ ಸೀಸೆಗಳ ಸ್ಟ್ಯಾಂಡ್ ಮಾತ್ರ ಗಲ್ಲಾ ಪೆಟ್ಟಿಗೆಯ ಪಕ್ಕದಿಂದ ಕದಲಿಲ್ಲ.

ಕೊಳ್ಳುವವರು ಯಾರೆಂದು ಗಮನಿಸುತ್ತಾ ಬಂದಿದ್ದೇನೆ. ಕಾಲೇಜು ಹುಡುಗಿಯರು ಬರುತ್ತಾರೆ, ಅದು ಎಲ್ಲರಿಗೂ ಗೊತ್ತು. ಅವರಿಗಿಂತ ಹೆಚ್ಚು ಹೊತ್ತು ನಿಂತು ಬಣ್ಣ ಆರಿಸುವವರು ಟೊಮೆಟೊ ತೋಟದ ಕೂಲಿಗೆ ಹೋಗುವ ಹೆಂಗಸರು. ಟೊಮೆಟೊ ಗಿಡ ಮುಟ್ಟಿದವರಿಗೆ ಗೊತ್ತಿರುತ್ತದೆ: ಬೆರಳಿಗೆ ಹಸಿರುಗಪ್ಪು ಜಿಗಟು ಅಂಟುತ್ತದೆ, ಸೋಪಿಗೆ ಸುಲಭವಾಗಿ ಬಿಡುವುದಿಲ್ಲ, ಉಗುರಿನ ಸಂದಿಯಲ್ಲಿ ಕುಳಿತರಂತೂ ಬಿಡುವುದೇ ಇಲ್ಲ. ಹುಣಸೆಹಣ್ಣು ಬಿಡಿಸುವವರ ಕೈಯೂ ಹಾಗೆಯೇ ಕಪ್ಪಾಗುತ್ತದೆ. ಮದುವೆಗೋ ಜಾತ್ರೆಗೋ ಹೊರಡುವ ಮುನ್ನ ಇವರು ಕಡುಗೆಂಪು ಬಣ್ಣವನ್ನು ಎಡಗೈ ಹೆಬ್ಬೆರಳಿಗೆ ಹಚ್ಚಿ ನೋಡಿ, ಬೀದಿಯ ಬಿಸಿಲಿಗೆ ಹಿಡಿದು, ಮತ್ತೆ ಒಳಗೆ ಬಂದು ಇನ್ನೊಂದು ಬೆರಳಿಗೆ ಬೇರೊಂದನ್ನು ಹಚ್ಚುತ್ತಾರೆ. ಸೀರೆ ಆರಿಸುವಾಗ ಜೊತೆಯವರ ಅಭಿಪ್ರಾಯ ಕೇಳುತ್ತಾರೆ. ಇದನ್ನು ಕೊಳ್ಳುವಾಗ ಯಾರನ್ನೂ ಕೇಳುವುದಿಲ್ಲ.

ನನಗೆ ತೋಚಿದ ಕಾರಣ ಹೇಳುತ್ತೇನೆ. ಮುಖಕ್ಕೆ ಹಚ್ಚಿದ್ದನ್ನು ನೋಡಿಕೊಳ್ಳಲು ಕನ್ನಡಿ ಬೇಕು. ಮುಡಿದ ಹೂವೂ ಹಿಂದೆ ನಿಂತವರ ಕಣ್ಣಿಗೆ ಬೀಳುತ್ತದೆಯೇ ಹೊರತು ಮುಡಿದವಳಿಗಲ್ಲ. ಉಗುರಿನ ಬಣ್ಣ ಸೊಪ್ಪು ಸೋಸುವಾಗ, ಬಸ್ಸಿನ ಕಂಬಿ ಹಿಡಿದಾಗ, ಮುದ್ದೆ ಮುರಿಯುವಾಗ ಅವಳ ಕಣ್ಣೆದುರಿಗೇ ಇರುತ್ತದೆ. ಮೈಬಣ್ಣ, ದಪ್ಪ, ಸಣ್ಣ, ವಯಸ್ಸು ಯಾವುದೂ ಅದಕ್ಕೆ ಅಡ್ಡ ಬರುವುದಿಲ್ಲ.

ಇನ್ನೂ ಮುಖ್ಯವಾದದ್ದು ಒಂದಿದೆ. ಅರಿಶಿನ, ಕುಂಕುಮ, ಹೂವು, ಬಳೆ, ಕಾಲುಂಗುರ ಎಲ್ಲವೂ ನಮ್ಮಲ್ಲಿ ಗಂಡನ ಇರವಿಗೆ ಅಂಟಿಕೊಂಡಿವೆ. ಮದುವೆಯಾದರೆ ಬರುತ್ತವೆ, ಗಂಡ ಹೋದರೆ ತೆಗೆಸುತ್ತಾರೆ. ಬಾಗಿನದ ಮೊರದಲ್ಲಿ ನೇಲ್ ಪಾಲಿಶ್ ಇಡುವುದನ್ನು ನಾನು ಕಂಡಿಲ್ಲ. ಯಾರೂ ಕೊಟ್ಟದ್ದಲ್ಲವಾದ್ದರಿಂದ ಯಾರೂ ಕಿತ್ತುಕೊಳ್ಳುವಂತಿಲ್ಲ. ಅದಕ್ಕೇ ಈ ಆಸೆ ಇಷ್ಟು ಗಟ್ಟಿಯಾಗಿ ಉಳಿದಿದೆ ಎಂದು ನಂಬಿದ್ದೇನೆ. ಉಳಿದವರು ಏನು ಹೇಳುತ್ತೀರಿ?

ರಾಬರ್ಟ್‌ಸನ್‌ಪೇಟೆ, ಕೆಜಿಎಫ್

ನಮ್ಮ ತಾಯಿ ಚಾಂಪಿಯನ್ ರೀಫ್ಸ್‌ನ ಗಣಿ ವಸತಿಯಲ್ಲಿ ಬೆಳೆದವರು. ಪಕ್ಕದ ಸಾಲಿನ ಆಂಗ್ಲೋ ಇಂಡಿಯನ್ ಆಂಟಿಯೊಬ್ಬರು ಕ್ರಿಸ್‌ಮಸ್‌ ಹೊತ್ತಿಗೆ ಬೀದಿಯ ಹುಡುಗಿಯರನ್ನೆಲ್ಲ ಸಾಲಾಗಿ ಕೂರಿಸಿ ಉಗುರಿಗೆ ಬಣ್ಣ ಹಚ್ಚುತ್ತಿದ್ದರಂತೆ. ತಮಿಳು, ತೆಲುಗು, ಕನ್ನಡ ಎಂಬ ಭೇದವಿಲ್ಲ. ಅಜ್ಜಿಗೆ ಅದು ಹಿಡಿಸದಿದ್ದರೂ ಬಣ್ಣ ತೆಗೆಯುವ ದ್ರವ ಮನೆಯಲ್ಲಿ ಇರುತ್ತಿರಲಿಲ್ಲ, ಹಾಗಾಗಿ ತಾನಾಗಿ ಉದುರುವವರೆಗೆ ಉಳಿಯುತ್ತಿತ್ತು ಎಂದು ಅಮ್ಮ ಇಂದಿಗೂ ಸಂತೋಷದಿಂದ ಹೇಳುತ್ತಾರೆ.

2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು. ಮನೆಮನೆಯಲ್ಲಿ ಖರ್ಚು ಕಡಿತವಾಯಿತು. ಹೊಸ ಬಟ್ಟೆ ನಿಂತಿತು, ಹೋಟೆಲ್ ನಿಂತಿತು. ಹಬ್ಬಕ್ಕೆ ಚಿಕ್ಕದೊಂದು ಸೀಸೆ ಮಾತ್ರ ಬರುತ್ತಿತ್ತು, ಅಕ್ಕತಂಗಿಯರು ಅದನ್ನು ಹಂಚಿಕೊಳ್ಳುತ್ತಿದ್ದೆವು. ಈಗ ಮಾರಿಕುಪ್ಪಂನಿಂದ ಬೆಂಗಳೂರಿಗೆ ಬೆಳಗಿನ ರೈಲಿನಲ್ಲಿ ಕೆಲಸಕ್ಕೆ ಹೋಗುತ್ತೇನೆ. ಬಂಗಾರಪೇಟೆ ದಾಟಿದ ಮೇಲೆ ಒಬ್ಬಳಾದರೂ ಚೀಲದಿಂದ ಸೀಸೆ ತೆಗೆಯುತ್ತಾಳೆ. ರೈಲು ಅಲುಗಾಡುತ್ತಿದ್ದರೂ ಬಣ್ಣ ಚರ್ಮಕ್ಕೆ ತಾಗದಂತೆ ಹಚ್ಚುವ ಕೈಗಳನ್ನು ನೋಡಬೇಕು! ಮನೆಯಲ್ಲಿ ಅವಳಿಗೆ ಕುಳಿತುಕೊಳ್ಳುವ ಬಿಡುವಿಲ್ಲ. ಒಣಗುವವರೆಗೆ ಕೈ ಬಿಚ್ಚಿಟ್ಟು ಸುಮ್ಮನೆ ಕೂರಬೇಕಾಗುತ್ತದಲ್ಲ, ಆ ಹತ್ತು ನಿಮಿಷ ಅವಳಿಗೆ ಯಾರೂ ಕೆಲಸ ಹೇಳುವಂತಿಲ್ಲ.

ಮಧುಗಿರಿಯ ತಂದೆ

ಅದೇ ರೈಲಿನಲ್ಲಿ ಆ ವಾಸನೆಗೆ ತಲೆನೋವು ಬಂದವರೂ ಇರುತ್ತಾರೆ. ನನಗೆ ನೇಲ್ ಪಾಲಿಶ್ ಮೇಲೆ ದ್ವೇಷವಿಲ್ಲ. ಮನೆಯಲ್ಲಿ ಎರಡನೇ ತರಗತಿಯ ಮಗಳಿದ್ದಾಳೆ, ಅವಳಿಗೆ ಇದರ ಹುಚ್ಚು. ಆದರೆ ನಾವು ಕೈಯಲ್ಲಿ ಉಣ್ಣುವ ಜನ. ಮುದ್ದೆ ಮುರಿದು ಸಾರಿಗೆ ಅದ್ದುವಾಗ ಉಗುರಿನಿಂದ ಎದ್ದ ಚಕ್ಕೆ ಹೊಟ್ಟೆಗೆ ಹೋಗುವುದಿಲ್ಲವೇ? ಇದು ಏನಿಂದ ಮಾಡಿದ ವಸ್ತು ಎಂಬುದನ್ನಾದರೂ ತಿಳಿದವರು ಹೇಳಿ.

ರಸಾಯನಶಾಸ್ತ್ರ ಉಪನ್ಯಾಸಕ, ತುಮಕೂರು

ಸರ್, ಸರಿಯಾದ ಪ್ರಶ್ನೆ. ಮೂಲವಸ್ತು ನೈಟ್ರೋಸೆಲ್ಯುಲೋಸ್. ಹತ್ತಿ ಅಥವಾ ಮರದ ನಾರಿನ ಸೆಲ್ಯುಲೋಸನ್ನು ನೈಟ್ರಿಕ್ ಆಮ್ಲದೊಂದಿಗೆ ವರ್ತಿಸುವಂತೆ ಮಾಡಿದರೆ ದೊರೆಯುವ ಪದಾರ್ಥ. ನೈಟ್ರೋಜನ್ ಪ್ರಮಾಣ ಹೆಚ್ಚಾದರೆ ಅದೇ ಸಿಡಿಹತ್ತಿ, ತೋಪಿನ ಮದ್ದು. ಕಡಿಮೆ ಇದ್ದರೆ ಗಾಜಿನಂಥ ತೆಳು ಪೊರೆ ಕೊಡುವ ಅರಗು. 1920ರ ದಶಕದಲ್ಲಿ ಅಮೆರಿಕದ ಮೋಟಾರು ಕಾರುಗಳಿಗೆ ಬೇಗ ಒಣಗುವ ಬಣ್ಣವಾಗಿ ಬಂದದ್ದೂ ಇದೇ. ಉಗುರಿನ ಬಣ್ಣವೂ ಅದೇ ಕುಟುಂಬದ್ದು. 1932ರಲ್ಲಿ ನ್ಯೂಯಾರ್ಕಿನಲ್ಲಿ ರೆವ್ಲಾನ್ ಆರಂಭವಾದಾಗ ಪಾರದರ್ಶಕ ರಂಗಿನ ಬದಲು ಗಟ್ಟಿ ವರ್ಣದ್ರವ್ಯಗಳನ್ನು ಬಳಸಿದರು. ಉಗುರು ಕಾಣದಂತೆ ಮುಚ್ಚುವ ಬಣ್ಣ ಬಗೆಬಗೆಯ ಛಾಯೆಗಳಲ್ಲಿ ಹರಡಿದ್ದು ಆಗ. ನಮ್ಮಲ್ಲಿ 1952ರಲ್ಲಿ ಟಾಟಾ ಆಯಿಲ್ ಮಿಲ್ಸ್ ಲ್ಯಾಕ್ಮೆಯನ್ನು ಸ್ಥಾಪಿಸಿತು. ಪ್ರಸಾಧನ ಸಾಮಗ್ರಿಗೆ ವಿದೇಶಿ ವಿನಿಮಯ ಹರಿದುಹೋಗುವ ಚಿಂತೆ ಅದರ ಹಿಂದೆ ಇತ್ತು.

ನಿಮ್ಮ ತಲೆನೋವಿಗೆ ಕಾರಣ ಈಥೈಲ್ ಅಸಿಟೇಟ್ ಮತ್ತು ಬ್ಯುಟೈಲ್ ಅಸಿಟೇಟ್ ಎಂಬ ದ್ರಾವಕಗಳು. ಈ ಬಣ್ಣ ಒಣಗುವುದೆಂದರೆ ಅವು ಆವಿಯಾಗಿ ಗಾಳಿಗೆ ಸೇರುವುದು. ಪೂರ್ತಿ ಒಣಗಿದ ಪೊರೆಯಲ್ಲಿ ದ್ರಾವಕ ಅಷ್ಟಾಗಿ ಉಳಿದಿರುವುದಿಲ್ಲ, ನೀರಿನಲ್ಲಿ ಪೊರೆ ಕರಗುವುದೂ ಇಲ್ಲ. ಆದ್ದರಿಂದ ಚಕ್ಕೆಗಿಂತ ಆವಿಯ ಬಗ್ಗೆ ಎಚ್ಚರ ವಹಿಸುವುದು ಒಳ್ಳೆಯದು: ಕಿಟಕಿ ತೆರೆದಿರಬೇಕು, ಒಲೆ ಮತ್ತು ದೀಪದಿಂದ ದೂರವಿರಬೇಕು. ಹಾಗೆಂದು ಚಕ್ಕೆ ಎದ್ದ ಉಗುರಿನಲ್ಲಿ ಉಣ್ಣಿ ಎಂದು ಹೇಳಲಾರೆ. ಮಕ್ಕಳು ಬೆರಳು ಚೀಪುವ ವಯಸ್ಸಿನಲ್ಲಿದ್ದರೆ ಹಚ್ಚಲೇ ಬೇಡಿ.

ಸೀಸೆಯ ಮೇಲೆ ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಇದೆಯೇ ನೋಡಿ. ಟೊಲ್ಯೂನ್, ಫಾರ್ಮಾಲ್ಡಿಹೈಡ್, ಡೈಬ್ಯುಟೈಲ್ ಥ್ಯಾಲೇಟ್ ಈ ಮೂರೂ ಇಲ್ಲವೆಂದು ಬರೆದಿದ್ದರೆ ಇನ್ನೂ ಒಳ್ಳೆಯದು. ದೊಡ್ಡ ಕಂಪನಿಗಳು ಇವುಗಳನ್ನು ಬಿಡುತ್ತಾ ಬಂದಿವೆ. ಜಾತ್ರೆಯ ರಾಶಿಯಲ್ಲಿ ಸಿಗುವ, ಹೆಸರಿಲ್ಲದ ಸೀಸೆಯಲ್ಲಿ ಏನಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ನಿವೃತ್ತ ಶಿಕ್ಷಕಿ, ತಿಪಟೂರು

ಚಿಂತಾಮಣಿಯ ತಂಗಿ ಬರೆದದ್ದನ್ನು ಓದಿ ಬಹಳ ಹೊತ್ತು ಯೋಚಿಸಿದೆ. ಯಾರೂ ಕಿತ್ತುಕೊಳ್ಳುವಂತಿಲ್ಲ ಎಂದಿರಿ. ಅದು ಪೂರ್ತಿ ನಿಜವಲ್ಲಮ್ಮ.

ನನ್ನ ಯಜಮಾನರು ತೀರಿಕೊಂಡ ಮೇಲೆ ನಡೆಯಬೇಕಾದ್ದೆಲ್ಲ ನಡೆಯಿತು. ಬಳೆ, ಕಾಲುಂಗುರ, ಹೂವು ಹೋದವು. ನಾನು ಓದಿದವಳು, ಶಾಲೆಯಲ್ಲಿ ಮಕ್ಕಳಿಗೆ ಸಮಾನತೆಯ ಪಾಠ ಹೇಳಿದವಳು. ಆದರೂ ಆ ದಿನ ಸುತ್ತ ಕುಳಿತ ಹಿರಿಯರ ಎದುರು ಬೇಡ ಎನ್ನುವ ಶಕ್ತಿ ಬರಲಿಲ್ಲ. ಆಮೇಲೆ ಒಮ್ಮೆ ಮೊಮ್ಮಗಳೊಂದಿಗೆ ಸಿದ್ಧಗಂಗೆಯ ಜಾತ್ರೆಗೆ ಹೋಗಿದ್ದಾಗ ಅವಳು ತಿಳಿ ಗುಲಾಬಿ ಬಣ್ಣದ ಸೀಸೆಯೊಂದನ್ನು ಕೊಂಡಳು. ಸಂಜೆ ಮನೆಗೆ ಬಂದು ತನಗೆ ಹಚ್ಚಿಕೊಂಡಳು, ಅಜ್ಜಿ ಕೈ ಕೊಡಿ ಎಂದಳು. ಕೊಟ್ಟೆ. ಮಗುವಿಗೆ ಬೇಸರವಾಗಬಾರದು ಎಂದುಕೊಂಡು ಕೊಟ್ಟದ್ದು, ನಿಜ. ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದಾಗ ನನ್ನ ಕೈಯನ್ನು ನಾನೇ ನೋಡಿದೆ. ಅದು ಬಹಳ ಕಾಲದಿಂದ ಪಾತ್ರೆ ತೊಳೆಯುವ, ಮಾತ್ರೆ ಬಿಡಿಸುವ ಕೈಯಾಗಿತ್ತು ಅಷ್ಟೇ. ಚೆನ್ನಾಗಿ ಕಂಡಿತು. ಅದನ್ನು ತೆಗೆಯಲಿಲ್ಲ, ಸವೆದ ಮೇಲೆ ಮತ್ತೆ ಹಚ್ಚಿಸಿಕೊಂಡೆ.

ಸಂಬಂಧಿಕರ ಮದುವೆಯೊಂದರಲ್ಲಿ ಊಟದ ಪಂಕ್ತಿಯಲ್ಲಿ ಎದುರಿಗೆ ಕುಳಿತವರೊಬ್ಬರು ನನ್ನ ಬೆರಳುಗಳನ್ನು ನೋಡಿ, ಈ ವಯಸ್ಸಿನಲ್ಲಿ, ಈ ಸ್ಥಿತಿಯಲ್ಲಿ ಇದೆಲ್ಲ ಬೇಕಿತ್ತೇ ಎಂದರು. ಶಾಸ್ತ್ರದಲ್ಲಿ ಇಲ್ಲದಿದ್ದರೂ ಊರಿನ ಬಾಯಿಯಲ್ಲಿ ಇರುತ್ತದೆ ತಂಗಿ. ಆದರೆ ನಿಮ್ಮ ಮಾತಿನಲ್ಲಿ ಒಂದು ಸತ್ಯವಿದೆ. ಬಳೆಯ ವಿಷಯದಲ್ಲಿ ಅವರ ಕೈಯಲ್ಲಿ ಶತಮಾನಗಳ ಸಂಪ್ರದಾಯವಿತ್ತು, ನನಗೆ ಉತ್ತರ ಹುಟ್ಟಲಿಲ್ಲ. ಇದಕ್ಕೆ ಸಂಪ್ರದಾಯದ ಆಧಾರ ಹುಡುಕಿದರೆ ಅವರಿಗೆ ಏನೂ ಸಿಗಲಿಲ್ಲ. ನನಗೆ ಇಷ್ಟ, ಹಚ್ಚಿಕೊಂಡಿದ್ದೇನೆ ಎಂದೆ. ಅವರು ಪಾಯಸ ಬಡಿಸುವವರನ್ನು ಕರೆದರು.

ಶಿಡ್ಲಘಟ್ಟ, ನೂಲು ಬಿಚ್ಚಾಣಿಕೆ

ಟೀಚರಮ್ಮ, ನಿಮ್ಮ ಬರಹ ಓದಿ ಕಣ್ಣು ತುಂಬಿತು.

ನಮ್ಮದು ಬಿಚ್ಚಾಣಿಕೆಯ ಮನೆ. ಬಿಸಿನೀರಿನಲ್ಲಿ ಬೇಯುವ ರೇಷ್ಮೆ ಗೂಡುಗಳಿಂದ ಎಳೆ ಹುಡುಕಿ ತೆಗೆಯುವ ಕೆಲಸ. ಕೈ ಇಡೀ ದಿನ ನೀರಿನಲ್ಲಿ. ಬೆರಳ ತುದಿ ಬಿಳಚಿಕೊಂಡು ಸುಕ್ಕಾಗುತ್ತದೆ, ಗೂಡಿನ ಅಂಟು ಮತ್ತು ವಾಸನೆ ಹೋಗುವುದಿಲ್ಲ. ಉಗುರಿಗೆ ಬಣ್ಣ ಹಚ್ಚಿದರೆ ಎರಡು ದಿನಕ್ಕೆ ಸಿಪ್ಪೆ ಏಳುತ್ತದೆ. ಆದರೂ ಹಬ್ಬಕ್ಕೆ ಕೆಲಸ ನಿಂತಾಗ ಮೊದಲು ನೆನಪಾಗುವುದು ಅದೇ.

ಇನ್ನೊಂದು ವಿಷಯ ಹೇಳಬೇಕು. ನಾವು ನಮಾಜಿಗೆ ಮುನ್ನ ವಜೂ ಮಾಡುತ್ತೇವೆ, ಅಂದರೆ ಕೈ, ಮುಖ, ಕಾಲು ತೊಳೆಯುತ್ತೇವೆ, ನೀರು ಉಗುರಿಗೆ ತಾಗಬೇಕು. ಪಾಲಿಶ್ ಪೊರೆಯಂತೆ ಕುಳಿತು ನೀರನ್ನು ತಡೆಯುವುದರಿಂದ ಅದನ್ನು ತೆಗೆಯಬೇಕಾಗುತ್ತದೆ. ಗೋರಂಟಿಗೆ ಆ ತೊಂದರೆಯಿಲ್ಲ, ಅದು ಉಗುರಿನೊಳಗೇ ಇಳಿಯುವ ಬಣ್ಣ. ಹಾಗಾಗಿ ನಮ್ಮ ಬೀದಿಯಲ್ಲಿ ಹೆಚ್ಚಿನವರು ನಮಾಜ್ ಇಲ್ಲದ ಮುಟ್ಟಿನ ದಿನಗಳಲ್ಲಿ ಮಾತ್ರ ಪಾಲಿಶ್ ಹಚ್ಚುತ್ತಾರೆ. ಹಚ್ಚಿದ್ದನ್ನು ಕಂಡರೆ ಯಾವ ದಿನಗಳೆಂದು ಎಲ್ಲರಿಗೂ ತಿಳಿದುಬಿಡುತ್ತದೆ ಎಂದು ನಾಚಿ ಬಿಟ್ಟ ಹುಡುಗಿಯರೂ ಇದ್ದಾರೆ. ನೀರು ಒಳಗೆ ಬಿಡುತ್ತದೆ ಎಂಬ ಹೊಸ ಬಗೆಯ ಪಾಲಿಶ್ ಬಂದಿದೆ. ಅದನ್ನು ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ನಾನು ಇನ್ನೂ ಕೊಂಡಿಲ್ಲ. ಇಷ್ಟೆಲ್ಲ ಲೆಕ್ಕ ಹಾಕಿ, ಮತ್ತೆ ತೆಗೆಯಬೇಕೆಂದು ಗೊತ್ತಿದ್ದೂ ಹಚ್ಚಿಕೊಳ್ಳುತ್ತೇವೆ ಎಂದರೆ ಆಸೆ ಎಷ್ಟಿರಬೇಕು ನೋಡಿ.

ರಸಾಯನಶಾಸ್ತ್ರ ಉಪನ್ಯಾಸಕ, ತುಮಕೂರು

ಅಕ್ಕ ಹೇಳಿದ್ದು ಸರಿ. ಗೋರಂಟಿ ಎಲೆಯಲ್ಲಿರುವ ಲಾಸೋನ್ ಎಂಬ ವರ್ಣವಸ್ತು ಉಗುರಿನ ಕೆರಟಿನ್ ಎಂಬ ಪ್ರೋಟೀನಿಗೇ ಅಂಟಿಕೊಳ್ಳುತ್ತದೆ. ಚರ್ಮದ ಮೇಲಿನದು ಚರ್ಮ ಸವೆದಂತೆ ಹೋಗುತ್ತದೆ, ಉಗುರಿನದು ಉಗುರು ಬೆಳೆದು ಕತ್ತರಿಸುವವರೆಗೆ ಇರುತ್ತದೆ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಬುಡದಿಂದ ತುದಿಗೆ ಬರಲು ಸುಮಾರು ಆರು ತಿಂಗಳು. ಕಾಲಿನದಕ್ಕೆ ವರ್ಷವೂ ಮೀರುತ್ತದೆ.

ಬಿಸಿನೀರಿನ ಕೆಲಸದಲ್ಲಿ ಪಾಲಿಶ್ ಏಳುವುದಕ್ಕೂ ಕಾರಣವಿದೆ. ಉಗುರು ನೀರು ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ, ಮೇಲಿನ ಪೊರೆ ಅಷ್ಟು ಹಿಗ್ಗಲಾರದೆ ಬಿರುಕು ಬಿಡುತ್ತದೆ. ಸ್ನಾನವಾದ ಕೂಡಲೇ ಹಚ್ಚಬಾರದು ಎನ್ನುವುದೂ ಇದಕ್ಕೇ.

ಕೋಲಾರದ ನರ್ಸ್

ನಾನು ಇದರ ವಿರೋಧಿಯಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ರಾತ್ರಿ ಪಾಳಿ ಮುಗಿಸಿ ಬಂದು, ರಜೆಯ ಹಿಂದಿನ ಸಂಜೆ ಹಚ್ಚಿಕೊಳ್ಳುವ ಸುಖ ನನಗೂ ಗೊತ್ತು. ವಾರ್ಡಿನಲ್ಲಿ ಮಾತ್ರ ನಮ್ಮ ಉಗುರು ಚಿಕ್ಕದಾಗಿ, ಬಣ್ಣವಿಲ್ಲದೆ ಇರಬೇಕು. ಚಕ್ಕೆ ಎದ್ದ ಪಾಲಿಶ್ ಅಡಿಯಲ್ಲಿ ಸೂಕ್ಷ್ಮಾಣುಗಳು ಉಳಿದುಕೊಳ್ಳುತ್ತವೆ.

ಓದುವವರಲ್ಲಿ ಒಂದು ವಿನಂತಿ. ಶಸ್ತ್ರಚಿಕಿತ್ಸೆಗೋ ಹೆರಿಗೆಗೋ ಬರುವಾಗ ಬಣ್ಣ ತೆಗೆದು ಬನ್ನಿ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದರೆ ಉಗುರಿನ ಅಡಿ ನೀಲಿಗಟ್ಟುತ್ತದೆ, ನಾವು ಅದನ್ನು ಕಣ್ಣಾರೆ ನೋಡಬೇಕು. ಉಗುರನ್ನು ಒತ್ತಿ ಬಿಟ್ಟಾಗ ಕೆಂಪು ಎಷ್ಟು ಬೇಗ ಮರಳುತ್ತದೆ ಎಂದು ನೋಡಿ ರಕ್ತ ಸಂಚಾರವನ್ನೂ ತಿಳಿಯುತ್ತೇವೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೆಂಪು ಮತ್ತು ಅವಕೆಂಪು ಬೆಳಕನ್ನು ಬೆರಳಿನ ಮೂಲಕ ಹಾಯಿಸಿ ಅಳೆಯುತ್ತದೆ. ಕಪ್ಪು, ನೀಲಿ, ಹಸಿರು ಬಣ್ಣಗಳು ಅದಕ್ಕೆ ಹೆಚ್ಚು ಅಡ್ಡಿ ಮಾಡಬಲ್ಲವು. ಕೋವಿಡ್ ಸಮಯದಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಬೆರಳು ತೋರಿಸಿ ಎಂದಾಗ ಎಷ್ಟೋ ಹೆಣ್ಣುಮಕ್ಕಳು ಅಲ್ಲೇ ಕುಳಿತು ಬಣ್ಣ ಕೆರೆದದ್ದನ್ನು ಕೇಳಿದ್ದೇನೆ. ತುರ್ತು ಇದ್ದರೆ ಸಾಧನವನ್ನು ಬೆರಳಿನ ಪಕ್ಕಕ್ಕೆ ತಿರುಗಿಸಿ ಹಾಕುತ್ತೇವೆ. ಮುಂಚೆಯೇ ಗೊತ್ತಿರುವ ದಿನವಾದರೆ ಎಲ್ಲ ಉಗುರುಗಳನ್ನೂ ಖಾಲಿ ಬಿಟ್ಟು ಬನ್ನಿ. ವಾಪಸು ಹೋಗುವಾಗ ಹಚ್ಚಿಕೊಂಡೇ ಹೋಗಿ. ಚೇತರಿಸಿಕೊಂಡ ಹೆಂಗಸು ತನ್ನ ಬಾಚಣಿಗೆ, ಪೌಡರ್, ಸೀಸೆ ಕೇಳಲು ಆರಂಭಿಸಿದರೆ ನಮಗೂ ಧೈರ್ಯ ಬರುತ್ತದೆ.

ನರಸಾಪುರ ಶಿಫ್ಟ್

ಕೋಲಾರದ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಪಾಳಿಯುದ್ದಕ್ಕೂ ಗವಸು, ತಲೆಗೆ ಟೋಪಿ, ಮುಖಕ್ಕೆ ಮಾಸ್ಕ್. ಸಾಲಿನಲ್ಲಿ ನಿಂತರೆ ಯಾರು ಯಾರೆಂದು ಗುರುತು ಸಿಗುವುದಿಲ್ಲ. ಕೈಗೆ ಹಚ್ಚುವಂತಿಲ್ಲ, ಅದಕ್ಕೆ ನಮ್ಮ ಕೊಠಡಿಯ ಹುಡುಗಿಯರೆಲ್ಲ ಕಾಲಿಗೆ ಹಚ್ಚುತ್ತೇವೆ. ಸಾಕ್ಸು, ಬೂಟಿನ ಒಳಗೆ ಹತ್ತು ಉಗುರೂ ನೇರಳೆ. ಯಾರಿಗೂ ಕಾಣುವುದಿಲ್ಲ. ಹುಡುಗರನ್ನು ಸೆಳೆಯಲು ಹಚ್ಚುತ್ತಾರೆ ಎನ್ನುವವರು ಇದಕ್ಕೆ ಉತ್ತರ ಹೇಳಲಿ.

ಗೌರಿಬಿದನೂರು ಪಾರ್ಲರ್

ಈಗ ಎಲ್ಲರೂ ಕೇಳುವುದು ಜೆಲ್. ಅದರ ಬಗ್ಗೆ ನಾಲ್ಕು ಮಾತು. ಜೆಲ್ ಸಾಮಾನ್ಯ ಪಾಲಿಶ್‌ನಂತೆ ಗಾಳಿಗೆ ಒಣಗುವುದಿಲ್ಲ, ದೀಪದ ಅತಿನೇರಳೆ ಬೆಳಕಿನಲ್ಲಿ ರಾಸಾಯನಿಕವಾಗಿ ಗಟ್ಟಿಯಾಗುತ್ತದೆ. ಎರಡು ಮೂರು ವಾರ ಇರುತ್ತದೆ, ಹೊಳಪೂ ಹೆಚ್ಚು. ಆದರೆ ಗಟ್ಟಿಯಾಗದ ಜೆಲ್ ಚರ್ಮಕ್ಕೆ ತಾಗುತ್ತಾ ಹೋದರೆ ಅಲರ್ಜಿ ಬರಬಹುದು, ಒಮ್ಮೆ ಬಂದರೆ ಜೀವನಪರ್ಯಂತ ಉಳಿಯುತ್ತದೆ. ಜೆಲ್ ಗಟ್ಟಿಯಾಗಿಸಲು ಬಳಸುತ್ತಿದ್ದ ಟಿಪಿಒ ಎಂಬ ರಾಸಾಯನಿಕವನ್ನು ಯುರೋಪಿಯನ್ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯ ಸಾಮಗ್ರಿಗಳಲ್ಲಿ ನಿಷೇಧಿಸಿದೆ. ಆನ್‌ಲೈನ್‌ನಲ್ಲಿ ಅಗ್ಗದ ದೀಪ, ಅಗ್ಗದ ಜೆಲ್ ತರಿಸಿ ಮನೆಯಲ್ಲೇ ಮಾಡಿಕೊಳ್ಳುವವರನ್ನು ಕಂಡರೆ ನನಗೆ ಭಯವಾಗುತ್ತದೆ. ತೆಗೆಯುವಾಗ ಕಿತ್ತು ಎಳೆಯುತ್ತಾರೆ, ಉಗುರಿನ ಪದರವೇ ಕೈಗೆ ಬರುತ್ತದೆ.

ನನ್ನ ವ್ಯಾಪಾರಕ್ಕೆ ನಷ್ಟವಾದರೂ ಹೇಳುತ್ತೇನೆ: ಪ್ರತಿದಿನ ಪಾತ್ರೆ, ಬಟ್ಟೆ, ತೋಟದ ಕೆಲಸ ಇರುವವರಿಗೆ ಸಾಮಾನ್ಯ ಪಾಲಿಶೇ ಸರಿ. ತೆಳುವಾಗಿ ಎರಡು ಸಲ ಹಚ್ಚಿ, ನಡುವೆ ಒಣಗಲು ಬಿಡಿ, ಕುಂಚವನ್ನು ಉಗುರಿನ ತುದಿಯ ಅಂಚಿಗೂ ಒಮ್ಮೆ ಸವರಿ. ದಪ್ಪಗೆ ಒಂದೇ ಸಲ ಹಚ್ಚಿದರೆ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ, ಕಂಬಳಿಯ ಗುರುತು ಬೀಳುತ್ತದೆ.

ಮಧುಗಿರಿಯ ತಂದೆ

ಎಲ್ಲರಿಗೂ ಧನ್ಯವಾದ. ನರಸಾಪುರದ ಹುಡುಗಿ ಬರೆದದ್ದನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ಅವಳೂ ಮದುವೆಗೆ ಮುಂಚೆ ಕಾಲಿಗೆ ಹಚ್ಚುತ್ತಿದ್ದಳಂತೆ, ನನಗೆ ಇಂದು ಗೊತ್ತಾಯಿತು. ಮಗಳ ಶಾಲೆಯಲ್ಲಿ ಬಣ್ಣ ಹಚ್ಚಿಕೊಂಡು ಬರಬಾರದು ಎಂಬ ನಿಯಮವಿದೆ. ಶನಿವಾರ ಸಂಜೆ ಹಚ್ಚಿ ಭಾನುವಾರ ರಾತ್ರಿ ತೆಗೆಯಬೇಕು. ಹೆಂಡತಿ ಬ್ಲೇಡಿನಲ್ಲಿ ಕೆರೆಯುತ್ತಾಳೆ, ಮಗು ಅಳುತ್ತದೆ. ಬೇರೆ ದಾರಿ ಇದೆಯೇ?

ನಿವೃತ್ತ ಶಿಕ್ಷಕಿ, ತಿಪಟೂರು

ಚಿಂತಾಮಣಿಯ ತಂಗಿಗೆ ಒಂದು ಮಾತು. ಮುಂದಿನ ತಿಂಗಳು ಕೈವಾರಕ್ಕೆ ಬರುವವಳಿದ್ದೇನೆ. ತಿಳಿ ಗುಲಾಬಿ ಹಚ್ಚಿ ಸಾಕಾಗಿದೆ. ಆ ತೋಟದ ಹೆಂಗಸರು ಕೊಳ್ಳುವ ಕಡುಗೆಂಪು ಇದೆಯಲ್ಲ, ಅದನ್ನೊಂದು ತೆಗೆದಿಡಿ.

ಚಿಂತಾಮಣಿ ಬಳೆ ಅಂಗಡಿ

ಖಂಡಿತ ಬನ್ನಿ ಟೀಚರ್, ತೆಗೆದಿಟ್ಟಿರುತ್ತೇನೆ. ಕಿತ್ತುಕೊಳ್ಳುವಂತಿಲ್ಲ ಎಂದು ನಾನು ಬರೆದಿದ್ದೆ, ಅದಕ್ಕಾಗಿ ನೀವು ವಾದಿಸಬೇಕಾಯಿತು ಎಂಬುದು ಈಗ ತಿಳಿಯಿತು. ಕಡುಗೆಂಪನ್ನು ನೇರವಾಗಿ ಹಚ್ಚಿದರೆ ಉಗುರು ಹಳದಿ ತಿರುಗುತ್ತದೆ, ಕೆಳಗೆ ಬಣ್ಣವಿಲ್ಲದ ಬೇಸ್ ಕೋಟ್ ಬೇಕು, ಅದನ್ನೂ ಕೊಡುತ್ತೇನೆ.

ಮಧುಗಿರಿಯ ಅಣ್ಣ, ಬ್ಲೇಡ್ ದಯವಿಟ್ಟು ಬೇಡ. ಹತ್ತಿಯನ್ನು ರಿಮೂವರ್‌ನಲ್ಲಿ ನೆನೆಸಿ ಉಗುರಿನ ಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ಆಮೇಲೆ ಬುಡದಿಂದ ತುದಿಯ ಕಡೆಗೆ ಒಂದೇ ಎಳೆತದಲ್ಲಿ ಒರೆಸಿ. ಉಜ್ಜುವ ಅಗತ್ಯ ಬೀಳುವುದಿಲ್ಲ. ಅಸಿಟೋನ್ ಇಲ್ಲದ ರಿಮೂವರ್ ಸಿಗುತ್ತದೆ, ತುಸು ನಿಧಾನವಾದರೂ ಮಕ್ಕಳ ಉಗುರನ್ನು ಅಷ್ಟು ಒಣಗಿಸುವುದಿಲ್ಲ. ಎರಡೂ ಬೆಂಕಿ ಹಿಡಿಯುವ ವಸ್ತುಗಳೇ, ಅಡುಗೆಮನೆಯಲ್ಲಿ ತೆರೆಯಬೇಡಿ. ಕೈ ತೊಳೆದ ಮೇಲೆ ಉಗುರಿನ ಬುಡಕ್ಕೆ ಕೊಬ್ಬರಿ ಎಣ್ಣೆ ಸವರಿ. ಮಕ್ಕಳಿಗೆಂದೇ ನೀರಿನಲ್ಲಿ ಮಾಡಿದ, ಸಿಪ್ಪೆಯ ಹಾಗೆ ಸುಲಿದು ತೆಗೆಯುವ ಪಾಲಿಶ್ ಕೂಡ ಬಂದಿದೆ, ಮಧುಗಿರಿಯ ಫ್ಯಾನ್ಸಿ ಸ್ಟೋರ್‌ಗಳಲ್ಲೂ ಕೇಳಿ ನೋಡಿ. ಮಗಳನ್ನು ಜೊತೆಗೆ ಕರೆದುಕೊಂಡು ಹೋಗಿ, ಬಣ್ಣವನ್ನು ಅವಳೇ ಆರಿಸಲಿ.